ಎರಡು ಸೀಸೆ, ಒಂದು ಡಬ್ಬಿ

ನಮ್ಮ ಮನೆಯಲ್ಲಿ ಎರಡು ಫ್ರಿಜ್ಜುಗಳಿವೆ. ಒಂದು ನನ್ನದು, ಇನ್ನೊಂದು ನನ್ನ ವಾರಗಿತ್ತಿಯದು. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯ ವ್ಯಾಪಾರ ಮಾಡಿಕೊಂಡು ಬಂದ ಕುಟುಂಬ ನಮ್ಮದು. ಮನೆ ಒಂದೇ, ಒಲೆ ಒಂದೇ, ದೇವರ ಕೋಣೆ ಒಂದೇ, ಅತ್ತೆಯೂ ಒಬ್ಬರೇ. ಆದರೆ ಯಾರೋ ಹೆಪ್ಪು ಹಾಕಿಟ್ಟ ಮೊಸರನ್ನು ಇನ್ಯಾರೋ ಬಡಿಸಿಬಿಟ್ಟರು ಎಂದು ಶುರುವಾದ ಮಾತು ಎರಡನೇ ಫ್ರಿಜ್ಜು ಮನೆಗೆ ಬರುವವರೆಗೆ ನಿಲ್ಲಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಾನು ಬರೆಯಹೊರಟಿರುವುದು ಬೇರೆ ಇಬ್ಬರು ವಾರಗಿತ್ತಿಯರ ಸಂಗತಿ. ಅವರನ್ನು ನೋಡಿ ನಾನು ತಿದ್ದಿಕೊಂಡೆ ಎಂದು ಯಾರೂ ತಿಳಿಯಬಾರದು. ಫ್ರಿಜ್ಜುಗಳು ಈಗಲೂ ಎರಡೇ ಇವೆ.

ನಾನು ಬಿ.ಫಾರ್ಮ ಓದಿದವಳು. ಮದುವೆಯಾದ ಮೇಲೆ ಆ ಓದು ಅತ್ತೆಯವರ ಬಿ.ಪಿ. ಗುಳಿಗೆಯನ್ನು ಬೆಳಗಿನದು, ರಾತ್ರಿಯದು ಎಂದು ವಿಂಗಡಿಸುವುದಕ್ಕೆ ಮಾತ್ರ ಬಳಕೆಯಾಗುತ್ತಿತ್ತು. ಮಕ್ಕಳು ದೊಡ್ಡವರಾದ ಮೇಲೆ ಊರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಮೂಳೆ ಡಾಕ್ಟರು ಮಂಡಿ ಸವೆತಕ್ಕೆಂದು ತಯಾರಾದ ಹೊಸ ಗುಳಿಗೆಯೊಂದರ ಪರೀಕ್ಷೆಯನ್ನು ಒಪ್ಪಿಕೊಂಡಿದ್ದರು. ದೇಶದ ಹಲವು ಊರುಗಳಲ್ಲಿ ಒಟ್ಟಿಗೆ ನಡೆಯುತ್ತಿದ್ದ ಪರೀಕ್ಷೆ. ಅದರಲ್ಲಿ ನಮ್ಮದೂ ಒಂದು ಊರು. ರೋಗಿಗಳನ್ನು ಸೇರಿಸಿಕೊಳ್ಳುವುದು, ತಿಂಗಳಿಗೊಮ್ಮೆ ಕರೆಸಿ ವಿಚಾರಿಸುವುದು, ಗುಳಿಗೆ ಕೊಡುವುದು, ಉಳಿದ ಗುಳಿಗೆಗಳನ್ನು ಎಣಿಸಿ ವಾಪಸ್ ಪಡೆಯುವುದು ನನ್ನ ಪಾಲಿನ ಕೆಲಸ. ಈ ಸುದ್ದಿ ಕೇಳಿದ ಕೂಡಲೇ ಅತ್ತೆ ತಮ್ಮ ಎರಡೂ ಕಾಲನ್ನು ನನ್ನ ಮುಂದೆ ಚಾಚಿದರು. ಅಲ್ಲಿ ಕೆಲಸ ಮಾಡುವವರ ಮನೆಯವರನ್ನು ಸೇರಿಸುವಂತಿಲ್ಲ ಎಂದೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಅಡುಗೆಮನೆಯಿಂದ ಮಾತು ಕೇಳಿಬಂತು. ಯಾರ ಮಾತೆಂದು ಬೇರೆ ಹೇಳಬೇಕಾಗಿಲ್ಲ.

ಪರೀಕ್ಷೆಯ ಕ್ರಮ ಸರಳ. ಬಂದವರಲ್ಲಿ ಅರ್ಧ ಜನಕ್ಕೆ ಹೊಸ ಔಷಧಿ, ಇನ್ನರ್ಧ ಜನಕ್ಕೆ ನೋಡಲು ಥೇಟ್ ಹಾಗೇ ಇರುವ, ಒಳಗೆ ಏನೂ ಇಲ್ಲದ ಹುಸಿ ಗುಳಿಗೆ. ಯಾರಿಗೆ ಯಾವುದು ಎಂದು ಕಂಪ್ಯೂಟರ್ ತೀರ್ಮಾನಿಸುತ್ತದೆ. ಸೀಸೆಯ ಮೇಲೆ ಬರೀ ನಂಬರ್. ರೋಗಿಗೂ ಗೊತ್ತಿರುವುದಿಲ್ಲ, ನನಗೂ ಇಲ್ಲ, ಡಾಕ್ಟರಿಗೂ ಇಲ್ಲ. ಗೊತ್ತಿದ್ದರೆ ಮನಸ್ಸು ಒಂದು ಕಡೆಗೆ ವಾಲುತ್ತದೆ, ನೋವು ಅಳೆಯುವುದರಲ್ಲೂ ವಾಲುತ್ತದೆ ಎಂಬ ಕಾರಣಕ್ಕೆ ಈ ಗುಟ್ಟು. ಇದನ್ನೆಲ್ಲ ರೋಗಿಗೆ ಮುಚ್ಚುಮರೆಯಿಲ್ಲದೆ ತಿಳಿಸಿ, ಅರ್ಥವಾಗಿದೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಒಪ್ಪಿಗೆ ಪಡೆಯಬೇಕು. ಕಷ್ಟ ಇದ್ದದ್ದೇ ಅಲ್ಲಿ. ನಿಜ ಹೇಳಿದಷ್ಟೂ ಜನ ನಮ್ಮನ್ನು ಅನುಮಾನದಿಂದ ನೋಡುತ್ತಿದ್ದರು. ಗೌರಸಮುದ್ರದ ಕಡೆಯಿಂದ ಬಂದಿದ್ದ ಕುರಿ ಕಾಯುವ ಅಜ್ಜ ಒಬ್ಬರು ಪೂರ್ತಿ ಕೇಳಿಸಿಕೊಂಡು, ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು ಎದ್ದೇಬಿಟ್ಟರು. ಏನು ಗುಳಿಗೆ ಅಂತ ಗೊತ್ತಿಲ್ಲದೆ ಇರೋದಕ್ಕೆ ಬಸ್ ಹತ್ತಿ ಡಾಕ್ಟರ ಹತ್ತಿರ ಯಾಕೆ ಬರಬೇಕು, ಅಷ್ಟು ಮಟ್ಟಿಗೆ ಗೊತ್ತಿಲ್ಲದೆ ಇರೋದು ನಮಗೇ ಬರುತ್ತೆ ಎನ್ನುವುದು ಅವರ ವಾದ.

ಮೇಲಿನಿಂದ ಬಂದಿದ್ದ ಒಪ್ಪಿಗೆ ಪತ್ರದ ಕನ್ನಡವೋ, ದೇವರೇ ಕಾಪಾಡಬೇಕು. ಯಾದೃಚ್ಛಿಕವಾಗಿ ನಿಯೋಜಿಸಲ್ಪಡುವ ಸಂಭವನೀಯತೆ ಎಂದೆಲ್ಲ ಇತ್ತು. ಅದನ್ನು ಓದಿ ಹೇಳಿದರೆ ಜನ ಮಂತ್ರ ಕೇಳಿದಂತೆ ಕೈ ಮುಗಿಯುತ್ತಿದ್ದರು. ಹಾಗಾಗಿ ನಾನು ನಮ್ಮ ಮನೆಯ ವ್ಯಾಪಾರದಿಂದಲೇ ಒಂದು ಉಪಾಯ ತೆಗೆದೆ. ಎರಡು ಶೇಂಗಾ ಕಾಯಿ ಮೇಜಿನ ಮೇಲೆ ಇಡುತ್ತಿದ್ದೆ. ಹೊರಗಿಂದ ಎರಡೂ ಒಂದೇ ಥರ. ಒಂದರಲ್ಲಿ ಬೀಜ ಇದೆ, ಇನ್ನೊಂದು ಜೊಳ್ಳು. ಯಾವುದು ಯಾರ ಪಾಲಿಗೆ ಬರುತ್ತದೋ ಯಾರಿಗೂ ಗೊತ್ತಿಲ್ಲ, ಪರೀಕ್ಷೆ ಮುಗಿಯುವವರೆಗೆ ಸುಲಿದು ನೋಡುವಂತಿಲ್ಲ. ಈ ಸೀಮೆಯಲ್ಲಿ ಇದು ಯಾರಿಗೆ ತಿಳಿಯುವುದಿಲ್ಲ? ಡಾಕ್ಟರಿಗೆ ಬಹಳ ಹಿಡಿಸಿತು. ನಿಮ್ಮಷ್ಟು ಚೆನ್ನಾಗಿ ಅರ್ಥ ಮಾಡಿಸುವವರು ಬೇರೆ ಯಾವ ಊರಿನಲ್ಲೂ ಇರಲಿಕ್ಕಿಲ್ಲ ಎಂದರು. ನಾನೂ ಉಬ್ಬಿದೆ. ಅರ್ಥವಾಗುವುದರಿಂದ ಏನೇನು ಆಗಬಹುದು ಎಂಬುದು ಆಗ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಮೊಳಕಾಲ್ಮೂರಿನ ಆ ಇಬ್ಬರು ಬಂದದ್ದು ಇದೇ ಕಾಲಕ್ಕೆ. ಊರಿನ ಹೆಸರಲ್ಲೇ ಮೊಳಕಾಲು ಇಟ್ಟುಕೊಂಡು ಬಂದಿದ್ದೀರಲ್ಲ ಎಂದು ಡಾಕ್ಟರು ತಮಾಷೆ ಮಾಡಿದರು. ಅವರು ನಗಲಿಲ್ಲ, ಬಸ್ಸಿಳಿದು ನಡೆದು ಬಂದ ನೋವು ಇಬ್ಬರ ಮುಖದಲ್ಲೂ ಇತ್ತು. ಒಂದೇ ಮನೆಯ ಅಣ್ಣತಮ್ಮಂದಿರ ಹೆಂಡಿರು. ಹಿರಿಯಾಕೆಗೆ ಗಂಡ ಇಲ್ಲ. ಕಿರಿಯಾಕೆಯ ಗಂಡ ಸೀರೆಗಳನ್ನು ಹೊತ್ತು ಊರೂರು ತಿರುಗುವವರು. ಮನೆಯಲ್ಲಿ ಒಂದು ಗುಂಡಿ ಮಗ್ಗ. ರೇಷ್ಮೆ ಸೀರೆಯ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಎರಡನ್ನೂ ನೇಯುವಾಗಲೇ ಕೂಡಿಸಬೇಕಾದ್ದರಿಂದ ಒಂದೇ ಮಗ್ಗಕ್ಕೆ ಇಬ್ಬರು ಬೇಕು. ಒಬ್ಬಾಕೆ ಗುಂಡಿಯೊಳಗೆ ಕಾಲಿಳಿಸಿ ಕೂತು ಕೆಳಗಿನ ಹಲಗೆಗಳನ್ನು ತುಳಿಯುತ್ತಾ ನೇಯಬೇಕು. ಇನ್ನೊಬ್ಬಾಕೆ ಪಕ್ಕದಲ್ಲಿ ನೆಲದ ಮೇಲೆ ಕಾಲು ಮಡಚಿ ಕೂತು ಅಂಚಿನ ಲಾಳಿ ಎಸೆಯಬೇಕು. ಗುಂಡಿಯ ಕೆಲಸ ಒಂದು ದಿನ ಅಕ್ಕನದು, ಮರುದಿನ ತಂಗಿಯದು. ಅವರಿಬ್ಬರು ಹಾಗೆಯೇ ಕರೆದುಕೊಳ್ಳುತ್ತಿದ್ದರು, ಅಕ್ಕ ತಂಗಿ ಎಂದು. ಮದುವೆಯಾಗಿ ಬಂದಾಗಿನಿಂದ ಆ ಪಾಳಿ ತಪ್ಪಿರಲಿಲ್ಲ. ಅಕ್ಕನ ಮಂಡಿ ಕೈಕೊಟ್ಟ ಮೇಲೆ ತಪ್ಪಿತ್ತು. ಇಳಿದರೆ ಇಬ್ಬರು ಹಿಡಿದು ಎಳೆದರೂ ಮೇಲೆ ಬರಲಾಗದು. ಎರಡೂ ಪಾಳಿ ತಂಗಿಯೇ ಮಾಡಿ ಅವಳ ಮಂಡಿಯೂ ಊದಿತ್ತು.

ಏನಾಗಬೇಕು ನಿಮಗೆ ಎಂದು ಕೇಳಿದೆ. ಎಲ್ಲರನ್ನೂ ಕೇಳುವ ಪ್ರಶ್ನೆ ಅದು.

"ನಂಗೆ ಗುಡ್ಡ ಹತ್ತೋದು ಬ್ಯಾಡ, ಊರು ತಿರುಗೋದು ಬ್ಯಾಡ. ಗುಂಡಿಗೆ ಇಳಿದು ನನ್ನ ಪಾಳಿ ನಾನು ಮಾಡಂಗಾದ್ರೆ ಸಾಕು," ಎಂದರು ಹಿರಿಯಾಕೆ. "ನನ್ನ ಪಾಳಿನೂ ಇವಳೇ ತುಳಿತಾಳೆ. ಅದನ್ನ ನೋಡ್ಕೊಂಡು ತುತ್ತು ಗಂಟಲಾಗೆ ಇಳಿಯಲ್ಲ."

ನಮ್ಮ ಪ್ರಶ್ನೆಪಟ್ಟಿಯಲ್ಲಿ ಇದಕ್ಕೆ ಜಾಗವಿರಲಿಲ್ಲ. ಮೆಟ್ಟಿಲು ಹತ್ತುವಾಗ ಎಷ್ಟು ನೋವು, ಕಾರಿನಿಂದ ಇಳಿಯುವಾಗ ಎಷ್ಟು ನೋವು, ಸ್ನಾನದ ಟಬ್ಬಿಗೆ ಇಳಿದು ಹತ್ತುವಾಗ ಎಷ್ಟು ನೋವು ಎಂದಿತ್ತು. ಅವರ ಮನೆಗೆ ಮಹಡಿಯಿಲ್ಲ, ಕಾರಿಲ್ಲ. ಟಬ್ಬು ಎಂದರೇನು ಎಂದು ಕೇಳಿದರು. ಗುಂಡಿಯಂತೆ ಇರುತ್ತದೆ, ಅದರೊಳಗೆ ಇಳಿದು ಕೂರುತ್ತಾರೆ ಎಂದೆ. ಹಾಗಾದರೆ ಅದು ನಮ್ಮಲ್ಲಿ ಐತೆ ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಬೆಂಗಳೂರಿನಿಂದ ತಪಾಸಣೆಗೆ ಬರುತ್ತಿದ್ದ ಗುಳಿಗೆ ಕಂಪನಿಯವರೊಬ್ಬರನ್ನು ಫೋನಿನಲ್ಲಿ ಕೇಳಿದೆ. ಪ್ರಶ್ನೆ ಬದಲಿಸುವಂತಿಲ್ಲ, ಉತ್ತರ ರೋಗಿಗೆ ಬಿಟ್ಟದ್ದು ಎಂದರು. ಸರಿ, ಮಗ್ಗದ ಗುಂಡಿ ಟಬ್ಬಿನ ಖಾನೆಗೆ ಹೋಯಿತು. ಆ ಔಷಧಿಯ ಬಗ್ಗೆ ಎಲ್ಲೋ ಕೂತು ಲೆಕ್ಕ ಹಾಕಿದ ಪಂಡಿತರು, ಮೊಳಕಾಲ್ಮೂರಿನ ಹೆಂಗಸರು ಇಡೀ ದಿನ ಟಬ್ಬಿನಲ್ಲಿ ಕೂರುವಷ್ಟು ಸುಖವಾಗಿದ್ದಾರೆ ಎಂದು ತಿಳಿದಿದ್ದರೆ ಅದು ಅವರ ತಪ್ಪಲ್ಲ.

ಶೇಂಗಾ ಕಾಯಿ ಇಟ್ಟು ವಿವರಿಸಿದೆ. ಇಬ್ಬರೂ ತಲೆಯಾಡಿಸುತ್ತಾ ಕೇಳಿದರು. ಅರ್ಥವಾಯಿತೇ, ನೀವೇ ತಿರುಗಿ ಹೇಳಿ ಎಂದಾಗ ತಂಗಿಯೇ ಸ್ಪಷ್ಟವಾಗಿ ಹೇಳಿದಳು: ನಮಗಿಬ್ಬರಿಗೂ ಬೀಜವೇ ಬರಬಹುದು, ಇಬ್ಬರಿಗೂ ಜೊಳ್ಳೇ ಬರಬಹುದು, ಒಬ್ಬರಿಗೆ ಬೀಜ ಒಬ್ಬರಿಗೆ ಜೊಳ್ಳು ಬರಬಹುದು, ಯಾರಿಗೆ ಏನೆಂದು ನಿಮಗೂ ಗೊತ್ತಿಲ್ಲ. ಇಷ್ಟು ಚೆನ್ನಾಗಿ ನಮ್ಮ ಆಸ್ಪತ್ರೆಯ ನರ್ಸುಗಳೂ ಹೇಳಿರಲಿಲ್ಲ. ಒಪ್ಪಿಗೆಯನ್ನು ವಿಡಿಯೊ ಮಾಡಬೇಕಿತ್ತು. ಕ್ಯಾಮೆರಾ ಕಂಡದ್ದೇ ಇಬ್ಬರೂ ಸೆರಗು ಎಳೆದುಕೊಂಡು ಮದುವೆ ಫೋಟೊಗೆ ನಿಂತಂತೆ ಬಿಗಿಯಾಗಿ ಕೂತರು. ಅದೊಂದು ಬಿಟ್ಟರೆ ಎಲ್ಲ ಚೊಕ್ಕವಾಗಿ ಮುಗಿಯಿತು. ನಿಮ್ಮ ಗುಳಿಗೆ ನೀವೇ ನುಂಗಬೇಕು ಎಂದು ಹೇಳಿ ಆಳಿಗೊಂದು ಸೀಸೆ ಕೊಟ್ಟು ಕಳಿಸಿದೆ.

ಮುಂದಿನ ತಿಂಗಳು ಇಬ್ಬರ ನೋವೂ ಒಂದಿಷ್ಟು ಇಳಿದಿತ್ತು. ಅದರ ಮುಂದಿನ ತಿಂಗಳು ಇನ್ನೊಂದಿಷ್ಟು. ಅಕ್ಕ ಗೋಡೆ ಹಿಡಿಯದೆ ನಡೆದು ಬಂದರು. ಅದರ ಮುಂದಿನ ಸಲ ಬಾಗಿಲಲ್ಲೇ ನಿಂತು, ಗುಂಡಿಗೆ ಇಳಿದೆ ಎಂದರು. ಇಳಿದದ್ದಲ್ಲ, ಹತ್ತಿದ್ದು ಮುಖ್ಯ ಎಂದು ತಂಗಿ ತಿದ್ದಿದಳು. ಯಾರೂ ಕೈ ಕೊಡದೆ ತಾವೇ ಎದ್ದು ಬಂದರಂತೆ. ಪಾಳಿ ಮತ್ತೆ ಶುರುವಾಗಿತ್ತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅದನ್ನು ತೋರಿಸಿಕೊಳ್ಳಬಾರದು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾನು ತೋರಿಸಿಕೊಂಡೆ, ಎದ್ದು ಹೋಗಿ ಅವರ ಎರಡೂ ಕೈ ಹಿಡಿದುಕೊಂಡೆ.

ಇಬ್ಬರಿಗೂ ಬೀಜವೇ ಬಿದ್ದಿದೆ ಎಂದು ಡಾಕ್ಟರು ಮೆಲ್ಲಗೆ ನನ್ನ ಹತ್ತಿರ ಹೇಳಿದರು. ಹಾಗೆ ಊಹಿಸುವುದೂ ತಪ್ಪು. ಆದರೆ ಎಲ್ಲ ಡಾಕ್ಟರೂ ಊಹಿಸುತ್ತಾರೆ. ಬೆಂಗಳೂರಿನ ತಪಾಸಣೆಯವರು ಮೆಚ್ಚಿದ್ದು ಅವರ ಸೀಸೆಗಳನ್ನು. ಉಳಿದವರ ಸೀಸೆಯಲ್ಲಿ ಗುಳಿಗೆ ಹೆಚ್ಚಿರುತ್ತಿತ್ತು, ಇಲ್ಲವೇ ಕಡಿಮೆಯಿರುತ್ತಿತ್ತು. ಒಬ್ಬರ ಸೀಸೆಯನ್ನು ಮೊಮ್ಮಗ ಗಿಲಕಿ ಮಾಡಿಕೊಂಡಿದ್ದ. ಈ ಇಬ್ಬರ ಸೀಸೆಯಲ್ಲಿ ಮಾತ್ರ ಪ್ರತಿ ಸಲ ಎಷ್ಟು ಉಳಿಯಬೇಕೋ ಅಷ್ಟೇ. ಇಡೀ ದೇಶದಲ್ಲೇ ಇಂಥ ಶಿಸ್ತು ಅಪರೂಪ ಎಂದರು ಅವರು. ಹಳ್ಳಿಗಾಡಿನ ರೋಗಿಗಳು ಎಷ್ಟು ನಿಷ್ಠೆಯಿಂದ ಔಷಧಿ ತೆಗೆದುಕೊಳ್ಳುತ್ತಾರೆ ಎಂದು ಕಂಪನಿಯ ಸಭೆಯಲ್ಲಿ ತೋರಿಸಲು ಅವರ ಮನೆಯಲ್ಲೇ ಒಂದು ಫೋಟೊ ತೆಗೆಯೋಣ ಎಂದು ಅವರೇ ಸೂಚಿಸಿದರು. ಇಬ್ಬರೂ ಸಂತೋಷದಿಂದ ಒಪ್ಪಿದರು. ಆಸ್ಪತ್ರೆಯ ಕಾರಿನಲ್ಲಿ ನಾನು ಬೆಂಗಳೂರಿನವರನ್ನು ಕರೆದುಕೊಂಡು ಮೊಳಕಾಲ್ಮೂರಿಗೆ ಹೊರಟೆ.

ಮುಂದಿನ ಕೋಣೆಯ ತುಂಬ ಮಗ್ಗ. ಅವತ್ತು ಅಕ್ಕನ ಪಾಳಿ. ನಾವು ಒಳಗೆ ಹೋದಾಗ ಅವರು ಗುಂಡಿಯಲ್ಲಿದ್ದರು. ಬೇಕೆಂದೇ ಇದ್ದರು ಎಂದು ನನ್ನ ಅಂದಾಜು, ಏಕೆಂದರೆ ನಮ್ಮನ್ನು ಕಂಡದ್ದೇ ಅಂಗೈ ಊರಿ, ಸೊಂಟ ಎತ್ತಿ, ಕಾಲೆಳೆದುಕೊಂಡು ತಾವೇ ಮೇಲೆ ಬಂದು ನಮ್ಮ ಮುಖ ನೋಡಿದರು. ಬೆಂಗಳೂರಿನವರು ಚಪ್ಪಾಳೆ ತಟ್ಟಿದರು. ಬೇಡವೆಂದರೂ ಅಕ್ಕ ತಂಗಿ ನಮ್ಮನ್ನು ಊಟಕ್ಕೆ ಕೂರಿಸಿದರು. ಮುದ್ದೆ ಮುರಿಯಲು ಬಾರದ ಆ ಮನುಷ್ಯನಿಗೆಂದು ಬೇರೆ ಅನ್ನ ಮಾಡಿದ್ದರು.

ಊಟ ಮುಗಿಯಿತು. ಈಗ ಗುಳಿಗೆ ನುಂಗುವ ಹೊತ್ತು, ಫೋಟೊ ತಕ್ಕೊಳ್ರಿ ಎಂದು ತಂಗಿ ಒಳಗೆ ಹೋಗಿ ಒಂದು ಸ್ಟೀಲಿನ ಡಬ್ಬಿ ತಂದಳು. ಸಕ್ಕರೆಯೋ ಬೆಲ್ಲವೋ ಇಡುವಂಥ ಡಬ್ಬಿ. ಮುಚ್ಚಳ ತೆಗೆದಳು. ಅದರ ತುಂಬ ನಮ್ಮ ಗುಳಿಗೆ. ಅಕ್ಕ ಕೈ ಹಾಕಿ ಒಂದು ತೆಗೆದುಕೊಂಡರು, ತಂಗಿ ಒಂದು ತೆಗೆದುಕೊಂಡಳು. ನೀರು ಕುಡಿದು, ನುಂಗಿದ್ದಕ್ಕೆ ಸಾಕ್ಷಿಯಾಗಿ ಇಬ್ಬರೂ ಬಾಯಿ ತೆರೆದು ತೋರಿಸಿದರು. ಫೋಟೊ ಕ್ಲಿಕ್ ಆಯಿತು. ಆಮೇಲೆ ಆ ಮನುಷ್ಯ ಮೊಬೈಲ್ ಕೆಳಗಿಳಿಸಿ ಡಬ್ಬಿಯನ್ನೇ ನೋಡಿದರು. ಖಾಲಿ ಸೀಸೆಗಳೆರಡೂ ದೇವರ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲಿ, ಭದ್ರವಾಗಿದ್ದವು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತೆ ಎನ್ನುತ್ತಾರಲ್ಲ, ನನಗೆ ಹಾಗಾಯಿತು. ಇಬ್ಬರದೂ ಒಂದೇ ಡಬ್ಬಿಯಲ್ಲಿ ಯಾಕಿದೆ ಎಂದು ಕೇಳಿದೆ.

"ನೀವು ಕೊಟ್ಟ ದಿನಾನೇ ಸುರುವಿದ್ವಲ್ಲ," ಎಂದರು ಅಕ್ಕ, ಇದರಲ್ಲಿ ಕೇಳುವುದೇನು ಎಂಬಂತೆ. "ಒಬ್ರಿಗೆ ಬೀಜ, ಒಬ್ರಿಗೆ ಜೊಳ್ಳು ಬರಬೋದು ಅಂತ ನೀವೇ ಹೇಳಿದ್ರಿ. ಕೂಡಿಸಿಬಿಟ್ರೆ ಇಬ್ರಿಗೂ ಅರ್ಧ ಅರ್ಧ ಆದ್ರೂ ಸಿಗ್ತೈತೆ."

ತಂಗಿ ಬಿಡಿಸಿ ಹೇಳಿದಳು. ಅವರ ಅತ್ತೆ ಬದುಕಿದ್ದಾಗ ಹಾಕಿದ ಕಟ್ಟಳೆಯಂತೆ ಅದು. ಈ ಮನೆಗೆ ಏನೇ ಬರಲಿ, ತಿನ್ನುವುದೋ ಮುಡಿಯುವುದೋ, ಇಬ್ಬರೂ ಸೊಸೆಯರದು ಒಂದೇ ಡಬ್ಬಿಗೆ ಬೀಳಬೇಕು, ಅಲ್ಲಿಂದಲೇ ಇಬ್ಬರೂ ತೆಗೆದುಕೊಳ್ಳಬೇಕು. ಒಂದೇ ಮಗ್ಗದಲ್ಲಿ ಕೂರುವ ಇಬ್ಬರಲ್ಲಿ ಒಬ್ಬಳಿಗೆ ಹೆಚ್ಚು ಒಬ್ಬಳಿಗೆ ಕಡಿಮೆ ಎಂದು ಅನ್ನಿಸಿತೋ, ಲಾಳಿ ಎಸೆಯುವ ಕೈಯಲ್ಲಿ ಸಿಟ್ಟು ಬರುತ್ತದೆ, ಅಂಚು ಒಡಲಿಗೆ ನೆಟ್ಟಗೆ ಕೂಡುವುದಿಲ್ಲ. ಅವರು ಆಸ್ಪತ್ರೆಗೆ ಬರುವ ಹಿಂದಿನ ದಿನ ಡಬ್ಬಿಯಲ್ಲಿ ಉಳಿದದ್ದನ್ನು ಸರಿಯಾಗಿ ಎರಡು ಪಾಲು ಮಾಡಿ ಸೀಸೆಗಳಿಗೆ ತುಂಬುತ್ತಿದ್ದರು. ದೇಶದಲ್ಲೇ ಅಪರೂಪದ ಶಿಸ್ತು ಅದು.

ನಾನು ಇದನ್ನೆಲ್ಲ ಕನ್ನಡ ಅಷ್ಟಾಗಿ ಬಾರದ ಬೆಂಗಳೂರಿನವರಿಗೆ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಅತ್ತೆಯ ಕಟ್ಟಳೆಗೆ ಇಂಗ್ಲಿಷು ಹುಡುಕುವುದರೊಳಗೆ ಬೆವರಿಳಿಯಿತು. ಅವರು ಕೆಟ್ಟವರಲ್ಲ. ವಾಪಸ್ ಹೊರಟು ಚಳ್ಳಕೆರೆ ಹತ್ತಿರ ಬಂದಾಗ, ಊಟ ಚೆನ್ನಾಗಿತ್ತು ಎಂದರು. ಆಮೇಲೆ ವರದಿ ಮಾಡಲೇಬೇಕಾಗುತ್ತದೆ ಎಂದರು. ಮಾಡಬೇಕು ಎಂದೆ. ಅದು ಸರಿಯೇ. ಔಷಧಿ ಯಾವುದು, ಜೊಳ್ಳು ಯಾವುದು ಎಂದು ತಿಳಿಯಲು ಇಷ್ಟೆಲ್ಲ ಏರ್ಪಾಡು ಮಾಡಿ, ಎರಡನ್ನೂ ಕಲಸಿ ನುಂಗಿದವರ ಲೆಕ್ಕವನ್ನು ಇಟ್ಟುಕೊಂಡರೆ ನಾಳೆ ಯಾರದೋ ಮಂಡಿಗೆ ಅನ್ಯಾಯ. ಇದನ್ನು ನಾನು ಆಗಲೂ ಒಪ್ಪಿದೆ, ಈಗಲೂ ಒಪ್ಪುತ್ತೇನೆ. ಆದರೆ ಅರೆಬರೆ ಅರ್ಥವಾಗಿ ಹೆಬ್ಬೆಟ್ಟು ಒತ್ತಿದವರೆಲ್ಲ ನಿಯಮದಂತೆ ತಮ್ಮ ತಮ್ಮ ಸೀಸೆ ತಾವೇ ಮುಗಿಸಿ ಒಳಗೇ ಉಳಿದರು. ಪೂರ್ತಿ ಅರ್ಥ ಮಾಡಿಕೊಂಡ ಇಬ್ಬರೂ ಹೊರಗೆ ಬಿದ್ದರು.

ಡಾಕ್ಟರು ಹಿರಿಯಾಕೆಗಾಗಿ ಬಹಳ ಕೇಳಿಕೊಂಡರು. ಗುಳಿಗೆ ನಿಲ್ಲಿಸಿದರೆ ಆಕೆ ಮತ್ತೆ ಗುಂಡಿಗಿಳಿಯಲಾರರು, ಲೆಕ್ಕದಿಂದ ತೆಗೆಯಿರಿ, ಔಷಧಿಯನ್ನಾದರೂ ಕೊಡಿ ಎಂದರು. ಯಾವ ಔಷಧಿಯನ್ನು ಕೊಡುವುದು ಎಂದು ಕಂಪನಿ ಕೇಳಿತು. ಕೊಡಬೇಕಾದರೆ ಯಾರ ಸೀಸೆಯಲ್ಲಿ ಏನಿತ್ತು ಎಂದು ತೆರೆದು ನೋಡಬೇಕು. ಪರೀಕ್ಷೆ ಮುಗಿಯುವವರೆಗೆ ತೆರೆಯುವಂತಿಲ್ಲ. ಕೊನೆಗೆ ಇಬ್ಬರನ್ನೂ ಕೈಬಿಡಲಾಯಿತು. ಒಂದೇ ಮನೆಯ ಇಬ್ಬರನ್ನು ಸೇರಿಸಬಾರದು ಎಂಬ ಹೊಸ ನಿಯಮ ದೇಶದ ಎಲ್ಲ ಊರುಗಳಿಗೂ ಹೋಯಿತು. ಮೊಳಕಾಲ್ಮೂರಿನ ಒಬ್ಬ ಅತ್ತೆ ತಮ್ಮ ಸೊಸೆಯರಿಗೆ ಹಾಕಿದ ಕಟ್ಟಳೆ ಅಷ್ಟು ದೂರ ಹೋಗಬಹುದೆಂದು ಯಾರು ತಿಳಿದಿದ್ದರು?

ಉಳಿದ ಗುಳಿಗೆ ವಾಪಸ್ ತರಲು ನಾನೇ ಹೋಗಬೇಕಾಯಿತು. ಅವತ್ತು ನನಗೆ ಅವರ ಮೇಲೆ ಕೋಪವಿತ್ತು. ನಿಮ್ಮದು ನೀವೇ ನುಂಗಬೇಕು ಎಂದು ಬಡಕೊಂಡಿದ್ದೆನಲ್ಲ ಎಂದು ಬಾಗಿಲಲ್ಲೇ ರೇಗಿದೆ. ಅಕ್ಕ ಡಬ್ಬಿಯನ್ನು ನನ್ನ ಚೀಲಕ್ಕೆ ಬಗ್ಗಿಸಿದರು. ಗುಳಿಗೆಗಳು ಸರ್ರನೆ ಜಾರಿ ಬಿದ್ದವು. ಆಮೇಲೆ ಡಬ್ಬಿಯನ್ನು ತೊಳೆದು, ಒರೆಸಿ, ಬಿಸಿಲಿಗೆ ಬೋರಲು ಹಾಕಿದರು. ಅಷ್ಟರಲ್ಲಿ ನನ್ನ ಕೋಪವೆಲ್ಲ ಎಲ್ಲಿಗೋ ಹೋಗಿತ್ತು. ಹೊರಡುವಾಗ ತಂಗಿ ಬಾಗಿಲವರೆಗೆ ಬಂದಳು.

"ಎಲ್ಲಾ ಮುಗಿದ ಮ್ಯಾಲಾದ್ರೂ ಹೇಳ್ತೀರಾ ಮೇಡಂ, ಯಾರ್ದು ಬೀಜ ಆಗಿತ್ತು ಅಂತ?"

ಹೇಳುತ್ತೇನೆ ಎಂದು ಮಾತು ಕೊಟ್ಟೆ. ನಾನು ಕೊಡಬಹುದಾಗಿದ್ದದ್ದು ಅದೊಂದೇ.

ಗುಳಿಗೆ ನಿಂತ ಮೇಲೆ ಅಕ್ಕನ ಮಂಡಿ ಮತ್ತೆ ಹಿಡಿದುಕೊಂಡಿತು. ಡಾಕ್ಟರು ಮಾಮೂಲಿ ನೋವಿನ ಗುಳಿಗೆ ಕೊಟ್ಟರು, ಮಂಡಿಗೆ ಇಂಜೆಕ್ಷನ್ ಹಾಕಿದರು, ಆಪರೇಷನ್ ಬಗ್ಗೆ ಹೇಳಿದರು. ಆಪರೇಷನ್ ಆದ ಮೇಲೆ ನೆಲದ ಮೇಲೆ ಕೂರಬಾರದು ಎಂದಾಗ ಅವರು ಆ ಮಾತನ್ನೇ ಬಿಟ್ಟರು. ನೆಲ ಬಿಟ್ಟು ಕೂತರೆ ಮಗ್ಗ ಮೇಲಕ್ಕೆ ಬರುತ್ತದೆಯೇ ಎಂದು ಕೇಳಿದರಂತೆ. ಆಮೇಲೆ ಬರುವುದನ್ನೂ ಕಡಿಮೆ ಮಾಡಿದರು.

ಪರೀಕ್ಷೆ ಮುಗಿಯಲು ಇನ್ನೂ ಬಹಳ ಕಾಲ ಹಿಡಿಯಿತು. ಹೊಸ ಗುಳಿಗೆ ಹುಸಿ ಗುಳಿಗೆಗಿಂತ ತುಸು ಮೇಲು, ಆದರೆ ಅಂಗಡಿಗೆ ತರುವಷ್ಟು ಮೇಲಲ್ಲ ಎಂದು ಗೊತ್ತಾಗಿ ಕಂಪನಿ ಅದನ್ನು ಕೈಬಿಟ್ಟಿತು. ನಮ್ಮ ಅತ್ತೆಗೆ ಈ ಸುದ್ದಿಯಿಂದ ಸಮಾಧಾನವಾಯಿತು. ತಾವು ಕಳೆದುಕೊಂಡದ್ದೇನೂ ಇಲ್ಲ ಎಂದು. ಕೊನೆಗೆ ಯಾರಿಗೆ ಯಾವುದು ಕೊಟ್ಟಿದ್ದೆವು ಎಂಬುದನ್ನು ಆಸ್ಪತ್ರೆಗೂ ತಿಳಿಸಿದರು. ಕೇಳಿದ ರೋಗಿಗೆ ಹೇಳಬಹುದು ಎಂದರು. ಕೇಳಿದವರು ಯಾರೂ ಇರಲಿಲ್ಲ, ಒಬ್ಬಳ ಹೊರತು. ಡಾಕ್ಟರ ಕಂಪ್ಯೂಟರಿನಲ್ಲಿ ಆ ಎರಡು ನಂಬರ್ ನೋಡಿದೆ. ಇಬ್ಬರದೂ ಬೀಜ ಎಂದೋ, ಇಬ್ಬರದೂ ಜೊಳ್ಳು ಎಂದೋ ಇದ್ದಿದ್ದರೆ ಎಷ್ಟು ಸಲೀಸಾಗಿ ಹೇಳಿಬಿಡಬಹುದಿತ್ತು. ಹಾಗಿರಲಿಲ್ಲ. ಒಬ್ಬರದು ಬೀಜ, ಒಬ್ಬರದು ಜೊಳ್ಳು.

ಬಸ್ಸಿನಲ್ಲಿ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು ಹೋದೆ. ಯಾರ ಪಾಲಿನ ಔಷಧಿ ಇನ್ನೊಬ್ಬರ ಪಾಲಿಗೂ ಬಂತೋ ಅವರನ್ನು ಹೊಗಳಬೇಕು ಎಂದು ನನ್ನ ಲೆಕ್ಕ. ನಮ್ಮ ಮನೆಯಲ್ಲಿ ಒಬ್ಬಳು ಇನ್ನೊಬ್ಬಳಿಗೆ ಒಂದು ಲೋಟ ಸಕ್ಕರೆ ಕೊಟ್ಟರೂ ಅದು ವರ್ಷಗಟ್ಟಲೆ ನೆನಪಿರುತ್ತದೆ. ಇಂಥ ದೊಡ್ಡ ಸಂಗತಿ ತಿಳಿದರೆ ಅವರಿಗೆ ಎಷ್ಟು ಹಿತವಾಗಬಹುದು ಎಂದುಕೊಂಡೆ.

ಮಗ್ಗ ನಡೆಯುತ್ತಿತ್ತು. ತಂಗಿ ಗುಂಡಿಯಲ್ಲಿದ್ದಳು. ಪಕ್ಕದಲ್ಲಿ ನೆಲ ಅಗೆಸಿ ಇನ್ನೊಂದು ಸಣ್ಣ ಗುಂಡಿ ಮಾಡಿ, ಒಳಗೊಂದು ಮೆಟ್ಟಿಲು ಕಟ್ಟಿಸಿದ್ದರು. ಅಕ್ಕ ಮಂಡಿ ಪೂರ್ತಿ ಮಡಚದೆ ಕಾಲು ಇಳಿಬಿಟ್ಟು ಅಲ್ಲಿ ಕೂತು ಅಂಚಿನ ಲಾಳಿ ಎಸೆಯುತ್ತಿದ್ದರು. ನನ್ನನ್ನು ಕಂಡು ಇಬ್ಬರೂ ಕೈ ನಿಲ್ಲಿಸಿದರು. ಫಲಿತಾಂಶ ಬಂದಿದೆ, ಅವತ್ತು ಕೇಳಿದ್ದಿರಲ್ಲ ಎಂದೆ. ತಂಗಿಯ ಮುಖ ಬಿಗಿಯಾಯಿತು. ಅಕ್ಕ ನನ್ನನ್ನು ನೋಡದೆ ಮೆಲ್ಲಗೆ ಅವಳಿಗೆ ತಮ್ಮ ಮನೆಮಾತು ತೆಲುಗಿನಲ್ಲಿ, "ವದ್ದನಿ ಚೆಪ್ಪು," ಎಂದರು. ಬೇಡ ಅಂತ ಹೇಳು ಎಂದು. ಚಳ್ಳಕೆರೆಯ ವ್ಯಾಪಾರದವರ ಮನೆಯವಳಿಗೆ ಅಷ್ಟು ತೆಲುಗು ತಿಳಿಯುವುದಿಲ್ಲವೇ? ಯಾಕೆ ಬೇಡ ಎಂದು ನೇರವಾಗಿ ಅವರನ್ನೇ ಕೇಳಿದೆ.

ಅಕ್ಕ ಲಾಳಿಯನ್ನು ಮಡಿಲಲ್ಲಿ ಇಟ್ಟುಕೊಂಡರು.

"ಪಾಳಿ ಅನ್ನೋದು ಮುಗೀತು ತಾಯಿ. ಈಗ ತುಳಿಯೋ ಕಾಲು ಇವಳ್ದೇ. ಔಷಧಿನೂ ಇವಳ್ದೇ ಆಗಿತ್ತು ಅಂದ್ರೆ ನಾನು ಈ ಮಗ್ಗದ ಮುಂದೆ ಹೆಂಗೆ ಕೂಡ್ರಲಿ? ನಂದಾಗಿತ್ತು ಅಂದ್ರೆ ಇವಳು ಹೆಂಗೆ ಕೂಡ್ರಬೇಕು? ಈಗ ಇಬ್ರಿಗೂ ಗೊತ್ತಿಲ್ಲ. ಹಂಗೇ ಇರ್ಲಿ ಬಿಡ್ರಿ."

ತಂಗಿ ತಲೆ ತಗ್ಗಿಸಿಕೊಂಡೇ ಹೂಂ ಎಂದಳು. ಅವತ್ತು ಕೇಳಿದ್ದು ತಪ್ಪಾಯ್ತು ಮೇಡಂ, ಆಮೇಲೆ ಎಷ್ಟೋ ದಿನ ಅದೇ ಕೊರೆಯುತ್ತಿತ್ತು, ಇಬ್ಬರೂ ಕೂತು ಮಾತಾಡಿಕೊಂಡೆವು ಎಂದಳು.

ನಾನು ತೆರೆದ ಬಾಯಿ ಮುಚ್ಚಿದೆ. ಡಾಕ್ಟರು ಊಹಿಸಿದ್ದರು, ನಾನು ಕಂಪ್ಯೂಟರಿನಲ್ಲಿ ನೋಡಿದ್ದೆ, ಕಂಪನಿ ಎಲ್ಲವನ್ನೂ ತೆರೆದು ಲೆಕ್ಕ ಹಾಕಿತ್ತು. ಗುಟ್ಟು ಕೆಡಿಸಿದರು ಎಂದು ನಾವು ಹೊರಗೆ ಕಳಿಸಿದ್ದ ಇವರಿಬ್ಬರೇ ಅದನ್ನು ಕೊನೆಯವರೆಗೂ ಕಾಯಲು ಹೊರಟಿದ್ದರು. ಅಳು ಬಂದಂತಾಯಿತು. ಸಿಟ್ಟೂ ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

ಟೀ ಕುಡಿದೇ ಹೋಗಬೇಕು ಎಂದರು. ತಂಗಿ ಗುಂಡಿಯಿಂದ ಎದ್ದು ಹೋಗಿ ಮಾಡಿ ತಂದಳು. ಬಿಸಿಲಿಗೆ ಬೋರಲು ಹಾಕಿದ್ದ ಆ ಡಬ್ಬಿಯಲ್ಲಿ ಈಗ ಸಕ್ಕರೆ ಇತ್ತು. ಇನ್ನೊಂದು ಚಮಚ ಬೇಕಾ ಎಂದು ಅಕ್ಕ ಅದನ್ನೇ ನನ್ನ ಕಡೆ ಚಾಚಿದರು. ಇಬ್ಬರೂ ನನ್ನ ಮುಂದೆಯೇ, ಒಂದೇ ಚಾಪೆಯ ಮೇಲೆ, ಅಕ್ಕ ಕಾಲು ಚಾಚಿಕೊಂಡು, ಅಕ್ಕಪಕ್ಕ ಕೂತಿದ್ದರು. ಬೀಜ ಯಾರದಾಗಿತ್ತೆಂದು ಆ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಮೊದಲು ಯಾರ ಮುಖ ನೋಡಿದರೂ ಹೇಳಿಬಿಟ್ಟಂತೆ ಆಗುತ್ತದೆ ಎಂದು ಹೆದರಿ, ಲೋಟದೊಳಗೇ ನೋಡುತ್ತಾ ಟೀ ಕುಡಿದು ಮುಗಿಸಿದೆ.